ಆ ಕಡೆ ಸುಮ್ಮನಾದಾಗ

ಸಂಘಮಿತ್ರಾ ಎರಡನೇ ದೋಸೆ ಹುಯ್ದಿದ್ದಳಷ್ಟೇ, ಬಾಗಿಲ ಬೆಲ್ ಆಯಿತು. ಬಾಗಿಲಲ್ಲಿ ಚಿದಾನಂದ್. ಹೆಗಲಲ್ಲಿ ಲ್ಯಾಪ್‌ಟಾಪ್ ಬ್ಯಾಗು, ಹನುಮಂತನಗರದ ಏರು ಹತ್ತಿ ಬಂದ ಏದುಸಿರು.

"ಫೋನ್ ಯಾಕೆ ತೆಗೀತಿಲ್ಲ ನೀವು?"

"ಚಾರ್ಜಿಗೆ ಹಾಕಿದ್ದೆ," ಎಂದಳು. ಸುಳ್ಳು. ಎಂಟು ದಿನದಿಂದ ಅವನ ಹೆಸರು ಕಂಡರೆ ಫೋನನ್ನು ಬೋರಲು ಹಾಕುತ್ತಿದ್ದಳು. ಜಯನಗರದ ಬಸ್‌ಸ್ಟಾಪಿನಲ್ಲಿ ಅವನು ಮೆಲ್ಲಗೆ ಕೇಳಿದ್ದ, ನನ್ನನ್ನ ಮದುವೆ ಆಗ್ತೀರಾ ಅಂತ. ಬಸ್ಸು ಬಂತು, ಹತ್ತಿಬಿಟ್ಟಿದ್ದಳು. ಗಂಡ ವೇಣು ತೀರಿಕೊಂಡು ನಾಲ್ಕು ವರ್ಷ. ಮನಸ್ಸೇನೋ ಹೂಂ ಎನ್ನುತ್ತಿತ್ತು. ಮಗಳು ಚೈತ್ರಳ ಮುಖ ನೋಡಿದರೆ ಬಾಯಿ ಬರುತ್ತಿರಲಿಲ್ಲ.

"ಹತ್ತು ಗಂಟೆಗೆ ಸರ್ಕ್ಯೂಟ್ ಬೋರ್ಡ್ ಆರ್ಡರ್ ಹೋಗುತ್ತೆ. ಹೀಟರ್ ಲೈನಿಗೆ ನೀವು ಹಾಕಿರೋ ಐಸೊಲೇಟರ್ ನೋಡಿ," ಎನ್ನುತ್ತಾ ಒಳಗೆ ಬಂದು ಟೀಪಾಯಿಯ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟು ಕೂತ.

ಅವರಿಬ್ಬರೂ ಕೆಲಸ ಮಾಡುವ ಕಂಪನಿ ಹಸುಗೂಸುಗಳನ್ನು ಬೆಚ್ಚಗಿಡುವ ವಾರ್ಮರ್ ಮಾಡುತ್ತಿತ್ತು. ಅವಳು ಆರಿಸಿದ್ದ ಐಸೊಲೇಟರ್ ಚಿಪ್ಪಿನ ಈಚೆ ಮೂರು ಪಾಯಿಂಟ್ ಮೂರು ವೋಲ್ಟಿನ ಪ್ರೊಸೆಸರ್, ಆಚೆ ಐದು ವೋಲ್ಟಿನ ಹೀಟರ್ ಸರ್ಕ್ಯೂಟ್. ನಡುವೆ ಕರೆಂಟು ದಾಟದು, ಸಿಗ್ನಲ್ ಮಾತ್ರ ದಾಟುತ್ತದೆ, ವೋಲ್ಟೇಜೂ ಅಲ್ಲೇ ಹೊಂದಿಕೊಳ್ಳುತ್ತದೆ. ಅದಕ್ಕೆಂದು ಬೇರೆ ಚಿಪ್ ಬೇಡವೆಂದು ವಾದಿಸಿ ಗೆದ್ದವಳೂ ಅವಳೇ.

"ಸರಿಯಾಗೇ ಇದೆಯಲ್ಲ?"

"ಪ್ರೊಸೆಸರ್ ಕಡೆ ಪವರ್ ಹೋದ್ರೆ?"

ಚಿಪ್ಪಿನ ವಿವರವಿದ್ದ ಡೇಟಾಶೀಟಿನ ಮೇಲೆ ಓಡುತ್ತಿದ್ದ ಅವಳ ಬೆರಳು ನಿಂತಿತು. ಈ ಚಿಪ್ಪಿನಲ್ಲಿ ಎರಡು ಬಗೆ. ಒಂದು ಕಡೆ ಪವರ್ ಹೋದಾಗ ಒಂದು ಬಗೆಯದು ಇನ್ನೊಂದು ಕಡೆಯನ್ನು ಆಫ್ ಮಾಡುತ್ತದೆ, ಮತ್ತೊಂದು ಆನ್ ಮಾಡುತ್ತದೆ. ಅವಳು ಹಾಕಿದ್ದು ಆನ್ ಮಾಡುವುದನ್ನು. ಹೀಟರ್ ಕಾಯುತ್ತಲೇ ಇರುತ್ತದೆ, ಕೆಳಗೆ ಮಗು.

ದೋಸೆ ಸೀದ ವಾಸನೆ ಬಂತು. ಇಬ್ಬರೂ ಏಳಲಿಲ್ಲ. ಚೈತ್ರ ಹೋಗಿ ಒಲೆ ಆರಿಸಿದಳು.

"ಇನ್ನೊಂದು ಬಗೇದು ಸ್ಟಾಕ್ ಇದೆಯಾ?"

"ಇದೆ. ಸೈಜೂ ಅದೇ. ಲಿಸ್ಟಲ್ಲಿ ಬದಲಾಯಿಸಿ ಕಳಿಸಿ, ಸಾಕು."

ಹತ್ತಕ್ಕೆ ಐದು ನಿಮಿಷ ಇದ್ದಾಗ ಫೈಲ್ ಹೋಯಿತು. ಅವಳು ಲ್ಯಾಪ್‌ಟಾಪ್ ಮುಚ್ಚಿ ಅದರ ಮೇಲೇ ಕೈಯಿಟ್ಟಳು. ಅವನ ಕೈ ಟೀಪಾಯಿಯ ಅರ್ಧದವರೆಗೆ ಬಂದು ಹಿಂದಕ್ಕೆ ಹೋಯಿತು.

"ಆ ಕಡೆಯಿಂದ ಏನೂ ಬರ್ತಿಲ್ಲ ಅಂದ್ರೆ ಇಲ್ಲ ಅಂತ ತಿಳ್ಕೊಳ್ಳೋದೇ ಸೇಫ್," ಎಂದ, ಬ್ಯಾಗಿನ ಜಿಪ್ ಎಳೆಯುತ್ತಾ. "ನಾನೂ ಹಾಗೇ ತಿಳ್ಕೊಂಡೆ. ಸೋಮವಾರ ಹುಬ್ಬಳ್ಳಿ ಬ್ರಾಂಚಿನ ಟ್ರಾನ್ಸ್‌ಫರ್‌ಗೆ ಒಪ್ಕೋತೀನಿ."

"ನಾನು ಇಲ್ಲ ಅಂದಿಲ್ಲ."

"ಹೂಂ ಅಂತಾನೂ ಅಂದಿಲ್ಲ, ಮೇಡಂ."

ಮೇಡಂ ಅಂದರೆ ಅವಳಿಗೆ ಸಿಟ್ಟು ಬರುತ್ತದೆಂದು ಗೊತ್ತಿದ್ದೇ ಅಂದಿದ್ದ. ತುಟಿಯಲ್ಲಿ ನಗುವಿತ್ತು, ಕಣ್ಣಲ್ಲಿರಲಿಲ್ಲ.

"ದೋಸೆ ತಿಂದ್ಕೊಂಡು ಹೋಗಿ."

"ಸೀದಿರೋದಾ?"

"ಬೇರೆ ಹುಯ್ತೀನಿ." ಅವನು ಬಾಗಿಲತ್ತ ನಡೆದ.

ವೇಣುವಿನ ಹೆಸರು ಕೆತ್ತಿಸಿದ್ದ ಸ್ಟೀಲ್ ತಟ್ಟೆ ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿತ್ತು. ವಾರಕ್ಕೊಮ್ಮೆ ತೊಳೆದು ಅಲ್ಲೇ ಇಡುತ್ತಿದ್ದಳು. ನಾಲ್ಕು ವರ್ಷದಿಂದ ಯಾರೂ ಅದರಲ್ಲಿ ಉಂಡಿರಲಿಲ್ಲ. ಬಂದವರಿಗೆ ಪಿಂಗಾಣಿ ತಟ್ಟೆ. ಚಿದಾನಂದ್ ಬಂದಾಗಲೆಲ್ಲ ಚೈತ್ರ ಆ ಶೆಲ್ಫನ್ನೊಮ್ಮೆ ಅವನನ್ನೊಮ್ಮೆ ನೋಡಿ, ಏನೋ ಕೇಳಹೊರಟು ಸುಮ್ಮನಾಗುತ್ತಿದ್ದಳು. ಆ ನೋಟಕ್ಕೇ ಸಂಘಮಿತ್ರಾ ಹೆದರಿದ್ದು.

ಒಳಗೆ ಸ್ಟೂಲ್ ಎಳೆದ ಸದ್ದಾಯಿತು. ಚಪ್ಪಲಿಗೆ ಕಾಲು ಹಾಕುತ್ತಿದ್ದವನು ಹಾಗೇ ನಿಂತ. ಚೈತ್ರ ತಟ್ಟೆಯನ್ನು ಎದೆಗವಚಿಕೊಂಡು ಬಂದಳು. ಫ್ರಾಕಿನ ತುದಿಯಿಂದ ಅದನ್ನು ಒರೆಸಿದಳು.

"ಅಮ್ಮ, ಅಂಕಲ್‌ಗೆ ಅಪ್ಪನ ತಟ್ಟೇಲಿ ಹಾಕ್ಲಾ?"