ಗೃಹಪ್ರವೇಶಕ್ಕೆ ಬಂದ ಕುರಿಹಿಂಡು

“ಏ ತಹಶೀಲ್ದಾರ! ಆ ಕಡಿ ಅಲ್ಲಲೇ, ಈ ಕಡಿ! ಹೈ, ಹೈ!”

ಬಾಲಮ್ಮ ಗಂಟಲು ಹರಿದುಕೊಂಡು ಕೂಗಿದಳು. ತಹಶೀಲ್ದಾರ ಕೇಳಿದರೆ ತಾನೆ? ಗಡ್ಡ ಮೇಲೆತ್ತಿ, ಕೊರಳ ಗಂಟೆ ಆಡಿಸುತ್ತ ಬಲಕ್ಕೆ ತಿರುಗಿಯೇಬಿಟ್ಟ.

ಇವನು ಕಚೇರಿಯ ತಹಶೀಲ್ದಾರನಲ್ಲ, ಹಿಂಡಿನ ಮುಂದೆ ನಡೆಯುವ ಹೋತ. ಊರನ್ನೆಲ್ಲ ತಪಾಸಣೆ ಮಾಡುವವನ ಹಾಗೆ ನಡೆಯುತ್ತಾನೆಂದು ಬಾಲಮ್ಮನ ಅಪ್ಪ ಸಾಬಣ್ಣ ಇಟ್ಟ ಹೆಸರು. ಅವನು ತಿರುಗಿದ ಮೇಲೆ ಮುಗಿಯಿತು. ಹಿಂದಿದ್ದ ಕುರಿಗಳೂ ಒಂದೂ ಬಿಡದೆ ತಿರುಗಿದವು.

ಬಲಕ್ಕಿದ್ದದ್ದು ಅಕ್ಕಿ ಮಿಲ್ಲಿನ ಗಡಿಗೆಪ್ಪ ಸಾಹುಕಾರರ ಹೊಸ ಮನೆ. ಇವತ್ತೇ ಸಂಜೆ ಗೃಹಪ್ರವೇಶ! ಶಾಮಿಯಾನ ಹಾಕಿದ್ದರು, ಮೈಕ್‌ಸೆಟ್ಟು ಕೂಗುತ್ತಿತ್ತು, ರೇಷ್ಮೆ ಸೀರೆ ಉಟ್ಟವರು ಓಡಾಡುತ್ತಿದ್ದರು.

“ಅಯ್ಯೋ ಶಿವನೇ, ಸತ್ತೆ!” ಎಂದು ಬಾಲಮ್ಮ ಓಡಿದಳು.

ಅಪ್ಪ ಮುಂಜಾನೆಯೇ ಹೇಳಿದ್ದ. “ಇವತ್ತು ಸಾಹುಕಾರ್ರ ಮನ್ಯಾಗ ಫಂಕ್ಷನ್ ಅದ. ದೊಡ್ಡ ರಸ್ತಾದಿಂದ ಸುತ್ತು ಹಾಕ್ಕೊಂಡು ಬಾ.” ಹೇಳಿ, ತಾನು ಗಿಲ್ಲೆಸುಗೂರಿನ ಬಸ್ಸು ಹತ್ತಿದ್ದ.

ಅಲ್ಲಿಗೆ ಯಾಕೆ ಹೋದ ಎಂದು ನೆನೆದರೇ ಬಾಲಮ್ಮನಿಗೆ ಸಿಟ್ಟು ಬರುತ್ತಿತ್ತು. ಶಕ್ತಿನಗರದಲ್ಲಿ ಕರೆಂಟಿನ ಕಾರ್ಖಾನೆ ಶುರುವಾದಾಗಿನಿಂದ ರಾಯಚೂರಿನ ಈ ಅಂಚಿನಲ್ಲಿ ಹೊಲಗಳೆಲ್ಲ ಪ್ಲಾಟುಗಳಾಗಿದ್ದವು. ಕುರಿ ಹೋಗುವ ದಾರಿಗಳು ಒಂದೊಂದಾಗಿ ಮುಚ್ಚಿದವು. ಉಳಿದದ್ದು ಸಾಹುಕಾರರ ಮನೆಯ ಪಕ್ಕದ್ದು ಒಂದೇ. ನಾಳೆ ಅಲ್ಲೂ ಕಂಪೌಂಡ್ ಏಳುತ್ತದೆ. ದಿನಾ ದೊಡ್ಡ ರಸ್ತೆಯಲ್ಲಿ ಲಾರಿಗಳ ನಡುವೆ ಹಿಂಡು ಹೊಡೆಯಲಾದೀತೇ? ಅದಕ್ಕೇ ಅಪ್ಪ ಅಜ್ಜನ ಊರಿನಲ್ಲಿ ಜಾಗ ನೋಡಲು ಹೋಗಿದ್ದ.

ಜಾಗ ಸಿಕ್ಕರೆ ಬಾಲಮ್ಮನ ಐದನೇ ಕ್ಲಾಸು ಇಲ್ಲಿಗೇ ಖತಂ. ಬೆಂಚಿನಲ್ಲಿ ಪಕ್ಕ ಕೂಡುವ ಮಲ್ಲುವೂ ಇಲ್ಲ. ಮಲ್ಲು ಎಂದರೆ ಚನ್ನಮಲ್ಲಮ್ಮ, ಈ ಸಾಹುಕಾರರ ಮಗಳೇ. ಅಳು ಬರುತ್ತದೆಂದು ಬಾಲಮ್ಮ ಅವಳಿಗೆ ಇನ್ನೂ ಹೇಳಿರಲಿಲ್ಲ. ಅಪ್ಪನಿಗೇನು, ಕುರಿ ಇದ್ದರಾಯಿತು, ಎಲ್ಲಾದರೂ ಇರುತ್ತಾನೆ ಎಂದುಕೊಂಡು ಅವನ ಜೊತೆ ಮಾತೂ ಬಿಟ್ಟಿದ್ದಳು.

ಅವಳು ಓಡಿ ಬರುವಷ್ಟರಲ್ಲಿ ಹಿಂಡು ಶಾಮಿಯಾನದೊಳಗಿತ್ತು. ಒಂದು ವರ್ಷ ಇಟ್ಟಿಗೆ, ಮರಳು ತುಂಬಿದ್ದ ಅಂಗಳವನ್ನು ನಿನ್ನೆಯಷ್ಟೇ ಬಯಲು ಮಾಡಿದ್ದರು. ಕುರಿಗಳು ಅತ್ತ ಇತ್ತ ಮೂಸಿದವು. ಆಮೇಲೆ ಮುಂಗಾಲು ಮಡಚಿ, ಹಾಯಾಗಿ ಮಲಗಿಬಿಟ್ಟವು! ಜಮಖಾನೆಯ ಮೇಲೆ ನಾಲ್ಕು. ಅಡಿಗೆಯವರ ಕಾಲಡಿ ಎರಡು. ತಹಶೀಲ್ದಾರ ಮಾತ್ರ ನಿಂತುಕೊಂಡು ಮಾವಿನ ತೋರಣ ಮೇಯುತ್ತಿದ್ದ.

ಬೀಗರೊಬ್ಬರು ಕುರ್ಚಿಯ ಮೇಲೆ ಹತ್ತಿ ನಿಂತರು. ಮಲ್ಲು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

“ಯಾರ್ದಲೇ ಈ ದಂಡು? ಹೊಡೀರಿ ಹೊರಗ!” ಗಡಿಗೆಪ್ಪ ಕೂಗಿದರು.

“ನಂದ್ರಿ...” ಎನ್ನುತ್ತ ಬಾಲಮ್ಮ ಕೋಲಿನಿಂದ ತಿವಿದಳು, ಕಿವಿ ಹಿಡಿದು ಎಳೆದಳು. ಒಂದು ಎದ್ದರೆ ಇನ್ನೊಂದು ಮಲಗುತ್ತಿತ್ತು.

ಆಗ ಒಳಗಿನಿಂದ ಮಲ್ಲುವಿನ ಅಜ್ಜಿ ವೀರಭದ್ರಮ್ಮ ಬಂದರು. ನೋಡಿದವರೇ ಬಾಯಿಗೆ ಸೆರಗು ಹಿಡಿದು ನಕ್ಕರು.

“ಅಯ್ನೋರು ಗೋಧೂಳಿ ಮುಹೂರ್ತ ಅಂದಿದ್ರು. ಬರೋಬ್ಬರಿ ಟೈಮಿಗೆ ಧೂಳಿ ಎಬ್ಬಿಸಿಕೊಂಡು ಬಂದಾವ ನೋಡ್ರಿ!”

“ನಗಬ್ಯಾಡಬೇ ಯವ್ವಾ,” ಎಂದರು ಗಡಿಗೆಪ್ಪ.

“ನಗದ ಏನ್ ಮಾಡ್ಲಿ? ಇದು ನಮ್ಮ ಜ್ವಾಳದ ಹೊಲ ಅಲ್ಲೇನು? ರಾಶಿ ಆದ ಮ್ಯಾಗ ವರ್ಸಾ ವರ್ಸಾ ಸಾಬಣ್ಣನ ಕುರೀನ ರಾತ್ರಿ ಇಲ್ಲೇ ಮಲಗಸ್ತಿದ್ವಿ. ಅವುಗಳ ಹಿಕ್ಕಿಯಿಂದನ ಜ್ವಾಳ ಆಳೆತ್ತರ ಬೆಳೀತಿತ್ತು. ಅವು ತಮ್ಮ ಜಾಗಾಕ್ಕ ಬಂದಾವ. ಮನಿ ಕಟ್ಟೀವಂತ ಕುರಿಗೆ ಯಾರು ಹೇಳ್ಯಾರ?”

ಎಲ್ಲರೂ ನಕ್ಕರು. ಕುರ್ಚಿಯ ಮೇಲಿದ್ದ ಬೀಗರೂ ಇಳಿದರು.

“ಆತು, ನಾಳಿ ಕಂಪೌಂಡ್ ಎದ್ದಿತಂದ್ರ ಹ್ಯಾಂಗ ಬರ್ತಾವ ನೋಡೂಣು,” ಎಂದರು ಗಡಿಗೆಪ್ಪ.

“ಬರಂಗಿಲ್ರೀ.” ಬಾಲಮ್ಮನಿಗೆ ತಡೆಯಲಾಗಲಿಲ್ಲ. “ಕಂಪೌಂಡ್ ಕಟ್ಟಿದ್ರ ನಮಗ ದಾರಿನೇ ಇಲ್ಲ. ನಾವು ಗಿಲ್ಲೆಸುಗೂರಿಗೆ ಹೊಂಟೀವ್ರಿ.”

ಮಲ್ಲುವಿನ ನಗು ನಿಂತುಹೋಯಿತು. “ಏನ್ ಹೊಂಟೀವಿ? ನನಗ ಹೇಳೇ ಇಲ್ಲ ನೀನು! ಮತ್ತ ಸಾಲಿ?”

ಇಬ್ಬರ ಕಣ್ಣೂ ತುಂಬಿಕೊಂಡವು.

ಅದೇ ಹೊತ್ತಿಗೆ ಗೌಂಡಿ ಹುಲಿಗೆಪ್ಪ ತಲೆ ಕೆರೆದುಕೊಳ್ಳುತ್ತ ಬಂದ. “ಸಾಹುಕಾರ್ರ, ನಾಳಿ ಗೋಡಿ ಎಲ್ಲಿ ಕಟ್ಟಲಿ? ಸುಣ್ಣದ ಗೆರಿ ಹಾಕಿದ್ದೆ. ಕುರಿ ತುಳದು ಎಲ್ಲಾ ಸಾಫ್ ಮಾಡ್ಯಾವ.”

“ಎಲ್ಲಿತ್ತೋ ಅಲ್ಲೇ ಹಾಕು.”

“ತಡೀ,” ಎಂದರು ಅಜ್ಜಿ. “ಲೇ ಗಡಿಗ್ಯಾ, ನಿನ್ನ ಒಂದು ಸ್ಕೂಟರ್ ನಿಲ್ಲಸಾಕ ಹತ್ತು ಫೂಟು ಬಿಟ್ಟೀದಿ. ಇಷ್ಟು ಮಂದಿ ಹೋಗಾಕ ಆರು ಫೂಟು ಬಿಡಾಕ ಆಗಂಗಿಲ್ಲೇನು?”

ಗಡಿಗೆಪ್ಪ ಅವ್ವನನ್ನು ನೋಡಿದರು. ಮೂಗು ಒರೆಸಿಕೊಳ್ಳುತ್ತಿದ್ದ ಮಗಳನ್ನು ನೋಡಿದರು. ಜಮಖಾನೆಯ ಮೇಲೆ ಮೆಲುಕು ಹಾಕುತ್ತಿದ್ದ ಕುರಿಗಳನ್ನೂ ನೋಡಿದರು.

“ನೀವೆಲ್ಲಾ ಒಂದಾದ ಮ್ಯಾಗ ನಂದೇನು ನಡೀತದ? ಹುಲಿಗೆಪ್ಪಾ, ಗೆರಿ ಒಳಗ ಸರಸೋ ಮಾರಾಯಾ!”

ಹುಲಿಗೆಪ್ಪ ಅಳತೆ ಹಿಡಿದ. ಸುಣ್ಣ ಹಾಕಿದವರು ಮಾತ್ರ ಬಾಲಮ್ಮ, ಮಲ್ಲು. ಗೆರೆಗಿಂತ ಹೆಚ್ಚು ಸುಣ್ಣ ಮಲ್ಲುವಿನ ರೇಷ್ಮೆ ಲಂಗಕ್ಕೆ ಬಿತ್ತು. “ಅಯ್ಯ, ಇರ್ಲಿ ಬಿಡು!” ಎಂದು ಅವಳು ಇನ್ನಷ್ಟು ನಕ್ಕಳು.

ಆಕಳು ಮನೆ ಹೊಕ್ಕಿತು, ಪೂಜೆ ಮುಗಿಯಿತು. ಆಗ ಸಾಬಣ್ಣ ಬಂದ. ಹಿಂಡು ಎಲ್ಲಿ ಮಲಗಿದೆಯೆಂದು ಕಂಡದ್ದೇ ಬೆವರಿಬಿಟ್ಟ. “ತಪ್ಪಾತ್ರೀ ಸಾಹುಕಾರ್ರ, ಹುಡುಗಿಗೆ ಗೊತ್ತಾಗಲಿಲ್ಲ...” ಎಂದು ಕೈ ಮುಗಿಯುತ್ತ ಬಾಲಮ್ಮನ ಕಡೆ ತಿರುಗಿದ. “ಜಾಗಾ ಸಿಕ್ತವ್ವ. ಸೋಮವಾರ ಹೊಂಟುಬಿಡೂಣು.”

ಜಾಗ ಸಿಕ್ಕವನ ದನಿಯಲ್ಲ ಅದು.

ಬಾಲಮ್ಮ ಅವನ ಕೈ ಹಿಡಿದು ಎಳೆದುಕೊಂಡು ಹೋದಳು. “ಯಪ್ಪಾ, ಇಲ್ನೋಡು. ಈ ಗೆರಿ ಮ್ಯಾಲ ಗೋಡಿ ಬರ್ತದ. ಅದರಾಚಿಗಿಂದು ನಮ್ಮ ದಾರಿ. ಸಾಹುಕಾರ್ರು ಬಿಟ್ಟಾರ.”

ಸಾಬಣ್ಣ ಗೆರೆಯ ಪಕ್ಕ ಆ ತುದಿಯವರೆಗೆ ನಡೆದ. ತಿರುಗಿ ಬಂದ. ಮತ್ತೆ ಹೋದ.

“ಸಾಕಾಗ್ತದೇನ್ಯಪ್ಪಾ?”

“ಸಾಕವ್ವ, ಬೇಕಾದಷ್ಟಾತು,” ಎಂದವನು ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡ. “ಥೂ, ಏನ್ ಧೂಳಿ ಅದ ಇಲ್ಲಿ!”

ಧೂಳು ಆಗಲೇ ಅಡಗಿತ್ತು. ಬಾಲಮ್ಮ ಅಪ್ಪನ ಮುಖ ನೋಡಿದಳು. ಇಷ್ಟು ದಿನದ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

“ಹೌದು ಯಪ್ಪಾ, ಬಾಳ ಧೂಳಿ,” ಎಂದಳು. ಅವನ ಕೈ ಬಿಡದೆ ಊಟದ ಪಂಕ್ತಿಯ ಕಡೆ ಕರೆದುಕೊಂಡು ಹೋದಳು.