ಹಾವುಮೀನಿನ ಬಳಿಯ ಹುಡುಗ

ಡೆಸ್ಮಂಡ್ ನನ್ನನ್ನು "ತಂಗೀ" ಎಂದು ಕರೆದಾಗ ನನ್ನ ಕೈಯಲ್ಲಿ ಮೀನು ತುಂಬಿದ ಬುಟ್ಟಿ ಇತ್ತು. ಅದನ್ನು ಅವನ ತಲೆಯ ಮೇಲೆ ಕವುಚದೆ ಬಿಟ್ಟದ್ದು ಮೀನಿನ ಮೇಲಿನ ಗೌರವದಿಂದ.

"ಏನಂದೆ?" ಎಂದೆ.

"ಭಾರ ಇದೆಯಲ್ಲ, ಕೊಡು ತಂಗಿ, ನಾನು ಹೊರ್ತೀನಿ." ಅವನು ನನ್ನ ಮುಖ ನೋಡಲಿಲ್ಲ, ನದಿ ನೋಡಿದ.

ಮ್ಯಾಶ್‌ಪೀ ನದಿಯಲ್ಲಿ ಆ ವಾರ ಹೆರಿಂಗ್ ಮೀನು ಸಮುದ್ರದಿಂದ ಮೇಲೇರಿ ಬರುತ್ತಿತ್ತು. ಊರಿಗೆ ಊರೇ ಬಲೆ ಹಿಡಿದು ದಡದಲ್ಲಿತ್ತು. ಎಲ್ಲರಿಗೂ ಹಬ್ಬ. ನನಗೊಬ್ಬಳಿಗೆ ಮಾತ್ರ ಇರಲಿಲ್ಲ.

ಹಿಂದಿನ ವಾರದವರೆಗೆ ಇವನು ಹೀಗಿರಲಿಲ್ಲ. ಡೆಸ್ಮಂಡ್‌ನ ಅಮ್ಮ ನಮ್ಮೂರಿನವಳೇ, ಮದುವೆಯಾಗಿ ನ್ಯೂ ಬೆಡ್‌ಫರ್ಡ್ ಸೇರಿದವಳು. ಇವನು ಅಲ್ಲಿನ ಬಂದರಿನಲ್ಲಿ ದೋಣಿ ಎಂಜಿನ್ ರಿಪೇರಿ ಮಾಡಿಕೊಂಡಿದ್ದ. ಈ ನೆಲದ ಮೂಲನಿವಾಸಿಗಳಾದ ನಮ್ಮವರ ಕೆಲಸ ಕಲಿಯಬೇಕು ಎನ್ನುವ ಹುಚ್ಚು ಹತ್ತಿ ಈ ಚಳಿಗಾಲದಲ್ಲಿ ನನ್ನ ಚಿಕ್ಕಪ್ಪ ರಸೆಲ್‌ನ ಹಿಂದೆ ಬಿದ್ದ. ಹಿರಿಯರ ಕಾಲದ ದುಂಡು ಮನೆ, ವೆಟು, ಕಟ್ಟುವುದರಲ್ಲಿ ಚಿಕ್ಕಪ್ಪನದು ಎತ್ತಿದ ಕೈ. ಗಂಟು ಹಾಕುವುದರಲ್ಲಿ ನನ್ನದು.

ವೆಟು ಕಟ್ಟುವುದು ಒಬ್ಬರಿಂದ ಆಗುವ ಕೆಲಸವಲ್ಲ. ಎಳೆಯ ಸೀಡರ್ ಕಂಬಗಳನ್ನು ದುಂಡಗೆ ನೆಟ್ಟು, ಎದುರುಬದುರಿನ ಎರಡನ್ನು ಹಸಿಯಾಗಿರುವಾಗಲೇ ಬಗ್ಗಿಸಿ, ನಡುವೆ ಕೂಡಿಸಿ, ತೊಗಟೆಯ ನಾರಿನಿಂದ ಬಿಗಿಯಬೇಕು. ಆ ಕಡೆ ಒಬ್ಬರು, ಈ ಕಡೆ ಒಬ್ಬರು. ಯಾರಾದರೂ ಆತುರಪಟ್ಟರೆ ಕಂಬ ಮುರಿಯುತ್ತದೆ. ಹಾಗಾಗಿ ಎದುರಿಗಿರುವವರ ಕಣ್ಣನ್ನೇ ನೋಡುತ್ತಿರಬೇಕು. ಇದು ಕೆಲಸದ ನಿಯಮ, ನಾನು ಮಾಡಿದ್ದಲ್ಲ.

"ಮರ ನೋಡು, ನನ್ನನ್ನಲ್ಲ," ಎನ್ನುತ್ತಿದ್ದೆ.

"ಎದುರಿಗಿರೋರನ್ನ ನೋಡು ಅಂತ ನಿಮ್ಮ ಚಿಕ್ಕಪ್ಪಾನೇ ಹೇಳಿದ್ದಾರೆ."

"ಇಷ್ಟೊಂದು ನೋಡು ಅಂದಿಲ್ಲ."

"ಎಷ್ಟು ಅಂತ ಅಳತೆ ಕೊಟ್ಟಿಲ್ಲವಲ್ಲ," ಎಂದು ನಗುತ್ತಿದ್ದ. ನಗುವಾಗ ಅವನ ಎಡಹುಬ್ಬು ಮಾತ್ರ ಮೇಲೇರುತ್ತಿತ್ತು. ಕಂಬದ ತುದಿಗಳು ಕೂಡಿದಾಗ ನಾರಿನ ಜೊತೆ ನನ್ನ ಬೆರಳನ್ನೂ ಸೇರಿಸಿ ಸುತ್ತುತ್ತಿದ್ದ. ಬಿಡಿಸಿಕೊಳ್ಳಲು ನನಗೂ ಆತುರವಿರಲಿಲ್ಲ. ಪ್ರೀತಿ ಆಗಿಹೋಗಿತ್ತು, ಸುತ್ತಿಬಳಸಿ ಹೇಳುವುದೇನು.

ಅಂಥವನು ಈಗ ತಂಗಿ ಎನ್ನುತ್ತಾನೆ! ಬುಟ್ಟಿ ಕೆಳಗಿಟ್ಟು, ಅವನ ತೋಳು ಹಿಡಿದು ಪೈನ್ ಮರಗಳ ಹಿಂದಕ್ಕೆ ಎಳೆದುಕೊಂಡು ಹೋದೆ.

"ಬೇರೆ ಯಾವಳಾದ್ರೂ ಸಿಕ್ಕಿದ್ದಾಳಾ? ನೇರವಾಗಿ ಹೇಳು. ತಂಗಿ ಗಿಂಗಿ ಅನ್ನೋ ನಾಟಕ ಬೇಡ."

"ಜೋಸ್ಲಿನ್, ನನಗೇನು ಖುಷೀನಾ?" ಅವನು ತೋಳು ಬಿಡಿಸಿಕೊಂಡ. "ಭಾನುವಾರ ಎಲ್ಲರೂ ಊಟಕ್ಕೆ ಸೇರಿದ್ವಲ್ಲ, ಆಗ ನಿಮ್ಮಜ್ಜಿ ನನ್ನ ತಲೆ ಸವರಿ ಏನಂದ್ರು ಗೊತ್ತಾ? 'ನಿನ್ನಮ್ಮ ಹಾವುಮೀನಿನ ಬಳಿ, ನಾನೂ ಅದೇ ಬಳಿ, ಅದೇ ಕುಲ. ನೀನು ನಮ್ಮನೆ ಹುಡುಗ' ಅಂದ್ರು."

"ಅದಕ್ಕೆ?"

"ಅದಕ್ಕೇನು ಅದಕ್ಕೆ! ನೀನು ಅವರ ಮೊಮ್ಮಗಳು. ಒಂದೇ ಬಳಿಯವರು ಅಣ್ಣ ತಂಗಿ ಆಗ್ತಾರಂತೆ, ಮದುವೆ ಆಗೋ ಹಾಗಿಲ್ಲವಂತೆ. ನಾನು ನಾಳೆ ಊರಿಗೆ ಹೊರಟೆ. ದಿನಾ ನಿನ್ನೆದುರಿಗೆ ನಿಂತು ಮರ ಬಗ್ಗಿಸೋದು ನನ್ನಿಂದಾಗಲ್ಲ."

ನನಗೆ ನಗು ಉಕ್ಕಿ ಬಂತು. "ಅಯ್ಯೋ ಪೆದ್ದೇ, ಅವರು ನಮ್ಮಪ್ಪನ ಅಮ್ಮ ಕಣೋ! ಬಳಿ ಬರೋದು ನಮ್ಮ ನಮ್ಮ ಅಮ್ಮನಿಂದ."

ಅವನ ಮುಖ ಅರಳಿತು. "ಹಾಗಾದ್ರೆ ನಿನ್ನಮ್ಮ ಯಾವ ಬಳಿ?"

ನನ್ನ ನಗು ಅಲ್ಲೇ ನಿಂತಿತು. ನನಗೆ ಗೊತ್ತಿರಲಿಲ್ಲ.

ಅಮ್ಮ ಅಕ್ವಿನ್ನಾದವಳು, ಸಮುದ್ರದಾಚೆಯ ದ್ವೀಪದಿಂದ ಬಂದವಳು. ನಾನು ನಡೆಯಲು ಕಲಿಯುವ ಮೊದಲೇ ತೀರಿಕೊಂಡಳು. ಸತ್ತವರ ಹೆಸರನ್ನು ಬಾಯಲ್ಲಿ ಆಡಬಾರದು ಎನ್ನುವುದು ನಮ್ಮ ಹಳೆಯ ರೀತಿ. ಊರಿನಲ್ಲಿ ಎಷ್ಟೋ ಜನ ಅದನ್ನು ಬಿಟ್ಟಿದ್ದಾರೆ, ಅಜ್ಜಿ ಬಿಟ್ಟಿಲ್ಲ. ಮೀನಿನ ಹಡಗಿನಲ್ಲೇ ವರ್ಷ ಕಳೆಯುವ ಅಪ್ಪನೂ ಬಿಟ್ಟಿಲ್ಲ. ಹೆಸರಿನ ಜೊತೆಗೆ ಅಮ್ಮನ ಮಾತೇ ನಮ್ಮ ಮನೆಯಿಂದ ಹೊರಟುಹೋಯಿತು. ಕೇಳಿದರೆ ಅಜ್ಜಿಗೆ ನೋವಾಗುತ್ತದೆಂದು ನಾನೂ ಕೇಳಲಿಲ್ಲ.

ಹಾವುಮೀನಿನ ಬಳಿಯವರು ಆ ದ್ವೀಪದಲ್ಲೂ ಇರಬಹುದಲ್ಲ? ಅಮ್ಮನೂ ಅದೇ ಆಗಿದ್ದರೆ?

"ಅಜ್ಜೀನ ಕೇಳೋಣ," ಎಂದ ಡೆಸ್ಮಂಡ್.

"ಬೇಡ. ನನಗೆ ಭಯ."

"ಕೇಳದಿದ್ರೆ ನಾನು ಹೋಗ್ಲೇಬೇಕು. ಕೇಳಿದ್ರೆ, ಹೋಗದೇ ಇರೋಕೆ ಒಂದು ದಾರಿ ಆದ್ರೂ ಇದೆ. ಬಾ."

ಅಜ್ಜಿ ಲಿಯೋನಾ ಹಿತ್ತಲ ಮೆಟ್ಟಿಲ ಮೇಲೆ ಕೂತು ಚಾಕುವಿನಿಂದ ಮೀನಿನ ಹುರುಪೆ ಉಜ್ಜುತ್ತಿದ್ದರು. ಮೊಣಕೈವರೆಗೂ ಹುರುಪೆ ಅಂಟಿ ಮಿನುಗುತ್ತಿತ್ತು.

"ಏನು, ನದೀಲಿ ಮೀನು ಮುಗೀತಾ? ಇಬ್ರೂ ಇಷ್ಟುದ್ದ ಮುಖ ಮಾಡ್ಕೊಂಡು ಬರ್ತಿದ್ದೀರಿ?"

ಡೆಸ್ಮಂಡ್ ಟೋಪಿ ತೆಗೆದು ಕೈಯಲ್ಲಿ ಹಿಡಿದ.

"ಅಜ್ಜಿ, ನಾನು ಜೋಸ್ಲಿನ್‌ನ ಇಷ್ಟಪಟ್ಟಿದ್ದೀನಿ. ನಾನು ಹಾವುಮೀನು. ಇವಳಮ್ಮ ಯಾವ ಬಳಿ ಅಂತ ಇವಳಿಗೂ ಗೊತ್ತಿಲ್ಲ."

ಚಾಕು ನಿಂತಿತು. ಅಜ್ಜಿ ನನ್ನನ್ನೇ ನೋಡಿದರು. ಎಲ್ಲಿ ಎದ್ದು ಒಳಗೆ ಹೋಗಿಬಿಡುತ್ತಾರೋ ಎನಿಸಿತು.

"ಹೆಸರು ಬೇಡ ಅಜ್ಜಿ," ಎಂದೆ. "ಬಳಿ ಮಾತ್ರ ಹೇಳು."

"ನಿಮ್ಮಪ್ಪ ಯಾರ ಮಗ?"

"ನಿನ್ನ ಮಗ."

"ಹಾಗಾದ್ರೆ ಅವನು ಯಾವ ಬಳಿ?"

"ಹಾವುಮೀನು."

"ಅವನು ಹಾವುಮೀನಿನ ಹುಡುಗೀನೇ ಮದುವೆ ಆಗ್ತೀನಿ ಅಂದಿದ್ರೆ ನಾನು ಸುಮ್ನೆ ಕೂತಿರ್ತಿದ್ನಾ? ಇದೇ ಚಾಕು ಹಿಡ್ಕೊಂಡು ಊರೆಲ್ಲ ಅಟ್ಟಾಡಿಸ್ತಿದ್ದೆ! ನಿಮ್ಮಿಬ್ಬರ ತಲೇಲಿ ಏನು ತುಂಬಿದೆ?"

ನಾನು ಡೆಸ್ಮಂಡ್‌ನನ್ನು ನೋಡಿದೆ, ಅವನು ನನ್ನನ್ನು ನೋಡಿದ. ಇಬ್ಬರಿಗೂ ಇದು ಹೊಳೆದೇ ಇರಲಿಲ್ಲ. ಅಪ್ಪನ ಬಳಿ ಅಮ್ಮನದಾಗಿರಲು ಸಾಧ್ಯವೇ ಇರಲಿಲ್ಲ! ನಾನು ಮೆಟ್ಟಿಲ ಮೇಲೆ ಕೂತೆ. ಅವನು ಟೋಪಿಯಲ್ಲಿ ಮುಖ ಮುಚ್ಚಿಕೊಂಡು ನಗತೊಡಗಿದ.

"ಆಮೆ," ಎಂದರು ಅಜ್ಜಿ ಮೆಲ್ಲಗೆ. "ನಿನ್ನಮ್ಮ ಆಮೆಯ ಬಳಿ. ನೀನೂ ಆಮೆ. ಬಂದ ಮೊದಲನೇ ದಿನಾನೇ ನನ್ನ ಸಾರಿಗೆ ಉಪ್ಪು ಕಮ್ಮಿ ಅಂದ್ಲು. ಆವತ್ತೇ ನನಗೆ ಇಷ್ಟ ಆದ್ಲು. ಇಷ್ಟು ವರ್ಷ ಯಾಕೆ ಕಂದ ಒಂದು ಮಾತು ಕೇಳ್ಲಿಲ್ಲ?"

"ನಿನಗೆ ನೋವಾಗುತ್ತೆ ಅಂತ."

"ನಿನಗೆ ನೋವಾಗುತ್ತೆ ಅಂತ ನಾನೂ ಹೇಳ್ಲಿಲ್ಲ. ಹೆಸರು ಹೇಳ್ಬಾರ್ದು, ಅಷ್ಟೇ. ಅವಳನ್ನ ಮರೀಬೇಕು ಅಂತ ಯಾರು ಹೇಳಿದ್ರು?"

ನಾನು ಅತ್ತೆ. ದುಃಖಕ್ಕಲ್ಲ, ಅಥವಾ ಬರೀ ದುಃಖಕ್ಕಲ್ಲ. ಡೆಸ್ಮಂಡ್ ಪಕ್ಕದಲ್ಲಿ ಕೂತು, ಅಜ್ಜಿ ನೋಡುತ್ತಿದ್ದಾರೆನ್ನುವುದನ್ನೂ ಮರೆತು, ನನ್ನ ಕೈ ಹಿಡಿದುಕೊಂಡ. ಕೈ ಮೀನು ನಾರುತ್ತಿತ್ತು.

"ನಾಳೆ ಹೊರಡೋದಿಲ್ಲ ತಾನೇ?" ಎಂದೆ.

"ಎಲ್ಲಿಗೆ? ನಮ್ಮಲ್ಲಿ ಹಿಂದೆಲ್ಲ ಗಂಡು ಹೆಣ್ಣಿನ ಮನೆಗೆ ಬರ್ತಿದ್ದನಂತಲ್ಲ. ನೀನು ಕರೆದ್ರೆ ಇಲ್ಲಿಗೇ ಬರ್ತೀನಿ. ನಿನ್ನ ಬಿಟ್ಟಿರೋಕೆ ನನ್ನಿಂದಾಗಲ್ಲ ಜೋಸ್ಲಿನ್, ನಿನ್ನೆ ರಾತ್ರಿ ಬಟ್ಟೆ ಜೋಡಿಸ್ತಾ ಜೋಡಿಸ್ತಾ ಅದೇ ಗೊತ್ತಾಗಿದ್ದು."

"ಬಾ," ಎಂದೆ.

ಅಜ್ಜಿ ಮತ್ತೆ ಚಾಕು ಎತ್ತಿಕೊಂಡರು. ಮೀನು ಉಜ್ಜುತ್ತಾ ತಲೆ ಎತ್ತದೆಯೇ ಹೇಳಿದರು.

"ನಿಮಗೊಂದು ಹೆಣ್ಣು ಹುಟ್ಟಿದ್ರೆ ಅದೂ ಆಮೆಯೇ. ಅದಕ್ಕೆ ಜೋಸ್ಲಿನ್ ಅಮ್ಮನ ಹೆಸರೇ ಇಡಿ. ಹಾಗೆ ಇಟ್ಟ ಮೇಲೆ ಕರೆಯೋಕೆ ಯಾವ ಅಡ್ಡಿಯೂ ಇಲ್ಲ. ನಾನು ಈ ಮೆಟ್ಟಿಲ ಮೇಲೆ ನಿಂತು ನದಿವರೆಗೂ ಕೇಳೋ ಹಾಗೆ ಕೂಗ್ತೀನಿ. ಎಷ್ಟು ವರ್ಷದಿಂದ ಆ ಹೆಸರನ್ನ ಬಾಯಲ್ಲೇ ಇಟ್ಕೊಂಡಿದ್ದೀನಿ."

ಡೆಸ್ಮಂಡ್‌ನ ಕಿವಿ ಕೆಂಪಾಯಿತು. ನನ್ನದೂ ಆಗಿರಬೇಕು. ಆದರೂ ಕೈ ಮಾತ್ರ ನಾವಿಬ್ಬರೂ ಬಿಡಲಿಲ್ಲ.