ತೊಟ್ಟಿಲಿನ ಗಂಟು

ಸೋಮವಾರ ಬೆಳಿಗ್ಗೆ 9.40ಕ್ಕೆ ಠಾಣೆಗೆ ಬಂದ ಹೆಂಗಸಿನ ಕೂದಲಲ್ಲಿ ಮರದ ಹೊಟ್ಟು ಇತ್ತು, ಕಂಕುಳಲ್ಲಿ ಒಂದು ಹಲಗೆ. ಮರಗೆಲಸ ಅವಳ ಕಸುಬು. ಅಪ್ಪನ ಕಾಲದ ಕಾರ್ಖಾನೆಯನ್ನು ಈಗ ಅವಳೇ ನಡೆಸುತ್ತಿದ್ದಳು. ಹೆಡ್ ಕಾನ್‌ಸ್ಟೇಬಲ್ ದೂರಿನ ಪುಸ್ತಕ ತೆರೆದ.

"ಏನಮ್ಮಾ ಕಳುವಾಗಿದ್ದು?"

"ಹಲಗೆ ಸಾರ್."

"ಕೈಯಲ್ಲೇ ಇದೆಯಲ್ಲ!"

"ಇದು ನಂದಲ್ಲ. ನಂದನ್ನ ಬಿಚ್ಕೊಂಡು, ಆ ಜಾಗಕ್ಕೆ ಇದನ್ನ ಕೂರಿಸಿ ಹೋಗಿದ್ದಾರೆ. ತೋರಿಸೋಕೆ ಬಿಚ್ಚಿ ತಂದಿದೀನಿ."

"ಇದು ಅದಕ್ಕಿಂತ ಕಳಪೆನಾ?"

"ಇಲ್ಲ. ಅದಕ್ಕಿಂತ ಒಳ್ಳೇದು."

ಹೆಡ್ ಪೆನ್ನಿನ ಮುಚ್ಚಳ ಹಾಕಿದ. "ಇಂಥ ಕಳ್ಳ ಒಂದ್ಸಲ ನಮ್ಮನೆಗೂ ಬರಬಾರದಾ? ಬಚ್ಚಲ ಬಾಗಿಲು ಕೊಳೆತು ಕೂತಿದೆ."

ಒಳಗಿನ ಕೋಣೆಯಿಂದ ಇನ್ಸ್‌ಪೆಕ್ಟರ್ ಎದ್ದು ಬಂದರು. ನಲವತ್ತೈದು ದಾಟಿದ ಹೆಂಗಸು, ನಿಧಾನದ ಮಾತು. "ಕೂತ್ಕೊಳ್ಳಿ. ಮೊದಲಿಂದ ಹೇಳಿ."

ಒಬ್ಬ ಬಸುರಿ ಹೆಂಗಸಿಗೆ ತೊಟ್ಟಿಲು ತಯಾರಾಗಿತ್ತು. ಎರಡು ತುದಿಗೆ ಎರಡು ಹಲಗೆ. ಅವುಗಳಲ್ಲಿ ಕೂರಿಸಿದ ಕೀಲಿನ ಮೇಲೆಯೇ ತೊಟ್ಟಿಲು ತೂಗಬೇಕು. ತಲೆಯ ಕಡೆಯ ಹಲಗೆಯಲ್ಲಿ ಅಂಗೈಯಗಲದ ಗಂಟು. ಹೊಳೆಯ ನೀರು ಕಲ್ಲನ್ನು ಬಳಸಿ ಹೋಗುವಂತೆ ಮರದ ಗೆರೆಗಳೆಲ್ಲ ಅದನ್ನು ಸುತ್ತಿ ಹೋಗಿದ್ದವು.

"ಹನ್ನೆರಡು ಹಲಗೆ ತೋರಿಸಿದ್ದೆ ಮೇಡಂ. ಆಕೆ ಇದೇ ಬೇಕು ಅಂದ್ಲು. ಬಂದಾಗೆಲ್ಲ ಆ ಗಂಟನ್ನ ಸವರಿ ಹೋಗ್ತಾಳೆ. ಮುಂದಿನ ವಾರ ಹೆರಿಗೆ. ಶುಕ್ರವಾರ ತೊಟ್ಟಿಲು ಕೊಡ್ತೀನಿ ಅಂದಿದ್ದೀನಿ. ಯಾವ ಮುಖ ಇಟ್ಕೊಂಡು ಬೇರೆ ಹಲಗೆ ಹಾಕಿ ಕೊಡ್ಲಿ?"

ಮಾತಿನ ನಡುವೆ ಬಡಗಿ ತನ್ನ ಬಲಹುಬ್ಬಿನ ಮೇಲಿದ್ದ ಹಳೆಯ ಹೊಲಿಗೆಯ ಗುರುತನ್ನು ಉಜ್ಜಿಕೊಂಡಳು. ಅದು ಅವಳ ಅಭ್ಯಾಸವಿರಬೇಕು ಎಂದುಕೊಂಡರು ಇನ್ಸ್‌ಪೆಕ್ಟರ್.

10.15ಕ್ಕೆ ಎಫ್‌ಐಆರ್ ದಾಖಲಾಯಿತು. 11 ಗಂಟೆಗೆ, ಎದುರಿನ ಅಂಗಡಿಯ ಇಬ್ಬರು ಪಂಚರ ಸಮ್ಮುಖದಲ್ಲಿ ಕಾರ್ಖಾನೆಯ ಪಂಚನಾಮೆ ನಡೆಯಿತು. ಬೀಗ ಮುರಿದಿರಲಿಲ್ಲ. ಬೆಲೆಬಾಳುವ ಉಪಕರಣಗಳು ಇದ್ದಲ್ಲೇ ಇದ್ದವು. ತೊಟ್ಟಿಲಿಗೆ ಕಬ್ಬಿಣ ಬಳಸಿರಲಿಲ್ಲ, ಎಲ್ಲ ಮರದ ಮೊಳೆಗಳೇ. ಅವನ್ನು ಒಂದೂ ಸೀಳದಂತೆ ಹೊರಗೆ ತೆಗೆದು, ಹೊಸ ಹಲಗೆಗೆ ಮತ್ತೆ ಅವನ್ನೇ ಬಡಿಯಲಾಗಿತ್ತು. ಭಾನುವಾರ ಕಾರ್ಖಾನೆಗೆ ರಜೆ.

"ಕಳ್ಳನಿಗೆ ಕೆಲಸ ಗೊತ್ತು," ಎಂದರು ಇನ್ಸ್‌ಪೆಕ್ಟರ್. "ಇನ್ನೊಂದು ಬೀಗದ ಕೈ ಯಾರ ಹತ್ರ ಇದೆ?"

"ದೊಡ್ಡಪ್ಪನ ಹತ್ರ. ಸ್ವಂತ ದೊಡ್ಡಪ್ಪ ಅಲ್ಲ, ಅಪ್ಪನ ಜೊತೆ ಮೂವತ್ತು ವರ್ಷ ಇಲ್ಲೇ ಮೇಸ್ತ್ರಿಯಾಗಿದ್ರು. ನನಗೆ ಉಳಿ ಹಿಡಿಯೋದು ಕಲಿಸಿದ್ದೇ ಅವರು. ಆದ್ರೆ ಈಗ ಎರಡೂ ಕಣ್ಣಿಗೆ ಪೊರೆ ಬಂದಿದೆ, ಪಾಪ. ಅವರ ಮೇಲೆಲ್ಲ ಅನುಮಾನ ಪಡಬೇಡಿ."

"ಅನುಮಾನ ಯಾಕೆ? ಅಭಿಪ್ರಾಯ ಕೇಳೋಣ."

ಹೊಸ ಹಲಗೆಯನ್ನು ಇನ್ಸ್‌ಪೆಕ್ಟರ್ ಕಿಟಕಿಯ ಬಳಿ ಹಿಡಿದರು. ಒಂದೇ ಒಂದು ಕಲೆಯಿಲ್ಲದ ಮರ. ಆದರೆ ಒಂದು ಅಂಚಿನಲ್ಲಿ ಸಾಸಿವೆಯಷ್ಟು ಮೂರು ಚುಕ್ಕೆ. ತೂತುಗಳಿಗೆ ಹೊಟ್ಟು, ಅಂಟು ಕಲಸಿ ತುಂಬಿದ್ದರು.

"ಇದೇನಿದು?"

"ಬಿಜಾಗರಿ ಹೊಡೆದಿದ್ದ ಜಾಗ. ಹಳೇ ಬಾಗಿಲಿನ ಹಲಗೆ ಮೇಡಂ," ಎಂದ ಆಕೆಯ ದನಿ ಸಣ್ಣಗಾಯಿತು.

ಮಧ್ಯಾಹ್ನ 3.30. ಮೇಸ್ತ್ರಿಯ ಮನೆ ಎರಡೇ ಕೋಣೆಯದು. ಗುಡಿಸಿ ಒರೆಸಿದ ನೆಲ, ಒಲೆಯ ಮೇಲೆ ಹಾಲು. ಮುದುಕ ಬಾಗಿಲಲ್ಲೇ ಹೆಜ್ಜೆಯ ಸದ್ದು ಹಿಡಿದ. "ಬಾ ಮಗಳೇ. ಬೂಟುಗಾಲಿನ ನೆಂಟರನ್ನೂ ಕರ್ಕೊಂಡು ಬಂದೆಯಾ?"

ಒಳಕೋಣೆಯಲ್ಲಿ ಬಟ್ಟೆಯ ಬೀರು ನಿಂತಿತ್ತು. ಒಂದು ಕಡೆ ಬಾಗಿಲು, ಇನ್ನೊಂದು ಕಡೆ ಬಾಗಿಲಿನ ಬದಲು ಹಳೆಯ ಸೀರೆಯ ಪರದೆ. ಇನ್ಸ್‌ಪೆಕ್ಟರ್ ತಂದಿದ್ದ ಹಲಗೆಯನ್ನು ಉಳಿದ ಬಾಗಿಲಿನ ಪಕ್ಕ ಎತ್ತಿ ಹಿಡಿದರು. ಇಲ್ಲಿ ಏರಿದ ಗೆರೆ ಅಲ್ಲೂ ಏರಿತ್ತು, ಇಲ್ಲಿ ಬಾಗಿದ್ದು ಅಲ್ಲೂ ಬಾಗಿತ್ತು. ಬೊಗಸೆ ಬಿಚ್ಚಿದಾಗ ಎರಡು ಅಂಗೈಯ ಗೆರೆ ಕಾಣುವ ಹಾಗೆ.

"ಒಂದೇ ದಿಮ್ಮಿಯನ್ನ ನಡುವೆ ಸೀಳಿ ತೆಗೆದಿರೋದು," ಎಂದಳು ಬಡಗಿ. "ದೊಡ್ಡಪ್ಪಾ... ಇದು ದೊಡ್ಡಮ್ಮನಿಗೆ ಅಂತ ಮದುವೇಲಿ ಮಾಡಿದ ಬೀರು ಅಲ್ವಾ?"

ಮುದುಕ ಮಂಚದ ಮೇಲೆ ಕುಳಿತ. "ಅವಳು ಬದುಕಿದ್ದಿದ್ರೆ ತಾನೇ ಬಿಚ್ಚಿ ಕೊಡ್ತಿದ್ಲು."

"ನನ್ನ ಹಲಗೆ ಎಲ್ಲಿ?"

"ಮಂಚದ ಕೆಳಗೆ. ಕಂಬಳಿಯಲ್ಲಿ ಸುತ್ತಿದೀನಿ. ಸುಟ್ಟು ಹಾಕೋಣ ಅಂತಿದ್ದೆ. ನೀನು ತೋಪಡಾ ಹೊಡೆದು ನುಣುಪು ಮಾಡಿದ ಹಲಗೆ ನೋಡು, ಕೈ ಬರಲಿಲ್ಲ."

"ಯಾಕೆ ಮಾಡಿದ್ರಿ?" ಇನ್ಸ್‌ಪೆಕ್ಟರ್ ಕೇಳಿದರು.

"ಹೋದ ವಾರ ಕಾರ್ಖಾನೆಗೆ ಹೋಗಿದ್ದಾಗ ಮಂಜುಮಂಜಾಗಿ ಕಂಡ್ತು. ಗಂಟಿನ ಸುತ್ತ ಕಪ್ಪು ಉಂಗುರ. ಬೇಡ ಮಗಳೇ ಅಂದೆ. ಅದೇ ಚಂದ ದೊಡ್ಡಪ್ಪಾ ಅಂತ ನಕ್ಕುಬಿಟ್ಲು." ಅವನು ಕಣ್ಣು ಒರೆಸಿಕೊಂಡ. "ಕಪ್ಪು ಉಂಗುರ ಅಂದ್ರೆ ಒಣಗಿದ ಕೊಂಬೆ. ಅಂಥ ಗಂಟು ಮರಕ್ಕೆ ಅಂಟಿರಲ್ಲ ಮೇಡಂ. ಭಾರ ಬಿದ್ರೆ ಅಲ್ಲೇ ಸೀಳತ್ತೆ. ನಾನು ಮಾಡಿದ ಮೊದಲನೇ ತೊಟ್ಟಿಲು ಹಾಗೇ ಸೀಳ್ತು. ಒಳಗೆ ಐದು ತಿಂಗಳ ಮಗು ಇತ್ತು."

"ಯಾರ ಮಗು?"

ಮುದುಕನ ಕೈ ಗಾಳಿಯಲ್ಲಿ ತಡಕಿ, ಬಡಗಿಯ ಮುಖ ಸಿಕ್ಕಿ, ಬಲಹುಬ್ಬಿನ ಮೇಲೆ ನಿಂತಿತು.

"ಮೆಟ್ಟಿಲಿಂದ ಬಿದ್ದೆ ಅಂತ ಅಪ್ಪ ಹೇಳ್ತಿದ್ರಲ್ಲ!"

"ನಿಮ್ಮಪ್ಪ ಯಾರ ಹತ್ರಾನೂ ಬಾಯಿ ಬಿಡಲಿಲ್ಲ. ಮಾರನೇ ದಿನ ಉಳಿ ತಂದು ಮತ್ತೆ ನನ್ನ ಕೈಗೇ ಕೊಟ್ಟ."

ಹಾಲು ಉಕ್ಕುವ ಸದ್ದಾಯಿತು. ಹೆಡ್ ಓಡಿಹೋಗಿ ಒಲೆ ಆರಿಸಿ, ಅಲ್ಲೇ ನಿಂತುಬಿಟ್ಟ.

ಬಡಗಿ ಕಂಬಳಿ ಬಿಚ್ಚಿದಳು. ಹಲಗೆಯ ಹಿಂಬದಿಯನ್ನು ಮೇಲೆ ಮಾಡಿ ಮುದುಕನ ತೊಡೆಯ ಮೇಲಿಟ್ಟಳು. ಅಲ್ಲಿ ಪಾಲಿಶ್ ಇರಲಿಲ್ಲ. "ಗಂಟನ್ನ ಮುಟ್ಟಿ ನೋಡಿದ್ರಾ?"

"ಇಲ್ಲ. ಹೆದರಿಕೆಯಾಯ್ತು."

"ಈಗ ಮುಟ್ಟಿ."

ಮುದುಕನ ಹೆಬ್ಬೆರಳು ಗೆರೆ ಹಿಡಿದು ಹೋಯಿತು. ಗಂಟಿನ ಅಂಚಿಗೆ ಬಂದು, ಅಂಚೇ ಸಿಗದೆ, ಗಂಟಿನೊಳಗೆ ನಡೆದು, ಆಚೆ ಬದಿಗೆ ದಾಟಿತು. ಮತ್ತೆ ಹಿಂದಕ್ಕೆ ಬಂತು. ಬೆರಳ ಗೆಣ್ಣಿನಿಂದ ಬಡಿದು, ಕಿವಿ ಬಗ್ಗಿಸಿ ಕೇಳಿದ. ಗಟ್ಟಿ ಸದ್ದು.

"ಬದುಕಿರೋ ಕೊಂಬೆ," ಎಂದ ಮುದುಕ. "ಮರದ ಜೊತೇಲೇ ಬೆಳೆದಿದೆ. ಕಪ್ಪು ಬರೀ ಬಣ್ಣ."

"ನೀವೇ ಕಲಿಸಿದ್ದು ದೊಡ್ಡಪ್ಪಾ. ನೋಡದೆ ತಗೊಳ್ತೀನಾ?"

4.25ಕ್ಕೆ ಬಂಧನ ದಾಖಲಾಯಿತು. ಬರೆದ ಎಫ್‌ಐಆರ್ ಹರಿದುಹಾಕುವಂತಿರಲಿಲ್ಲ. ಜೀಪು ಹತ್ತುವಾಗ ಹೆಡ್ ಮುದುಕನ ತೋಳು ಹಿಡಿದುಕೊಂಡ. ನೋಡಿದವರಿಗೆ ಅಜ್ಜನನ್ನು ಆಸ್ಪತ್ರೆಗೆ ಕರೆದೊಯ್ಯುವಂತೆ ಕಾಣುತ್ತಿತ್ತು. ಮಂಗಳವಾರ ನ್ಯಾಯಾಲಯದಲ್ಲಿ ಜಾಮೀನಿಗೆ ನಿಂತದ್ದು ದೂರುದಾರಳೇ. ವಶಪಡಿಸಿಕೊಂಡ ಗಂಟಿನ ಹಲಗೆಯನ್ನು ಬಿಡಿಸಿಕೊಡಲು ಇನ್ಸ್‌ಪೆಕ್ಟರ್ ತಾವೇ ಅರ್ಜಿ ಬರೆದು, ಗುರುವಾರ ಆದೇಶ ತಂದರು. ಶುಕ್ರವಾರ ಅದೇ ಹಲಗೆಯ ತೊಟ್ಟಿಲು ಬಸುರಿಯ ಮನೆಗೆ ಹೋಯಿತು. ಹೋಗುವ ಮೊದಲು ಮುದುಕ ಕೀಲಿನ ಮೇಲೆ ತನ್ನ ಎರಡೂ ಮೊಣಕೈ ಊರಿ ಮೈಭಾರವನ್ನೆಲ್ಲ ಹಾಕಿ ನೋಡಿದನಂತೆ, ಮೂರು ಸಲ.

ಕಡತದ ಕೊನೆಯ ಹಾಳೆಯಲ್ಲಿ ಕೃತ್ಯದ ಉದ್ದೇಶ ಬರೆಯಲು ಒಂದು ಖಾಲಿ ಗೆರೆಯಿತ್ತು. ಹೆಡ್ ಅಲ್ಲಿ ಏನೂ ಬರೆಯದೆ ಕಡತವನ್ನು ಇನ್ಸ್‌ಪೆಕ್ಟರ್ ಕಡೆ ಸರಿಸಿದ. ಅವರು ಕಿಟಕಿಯ ಮರದ ಚೌಕಟ್ಟನ್ನು ಒಮ್ಮೆ ಸವರಿ, ಬರೆದರು:

"ಮಗು ಬೀಳದಿರಲಿ ಎಂದು."